ಬದು ಉಳಿಸಿ ಬೇಸಾಯ ಮಾಡುವ ಬಗೆ

ವನ್ಯಜೀವಿ ಎಂದಾಕ್ಷಣ ನಮ್ಮ ಮನಸ್ಸು ಮಲೆನಾಡಿನ ಕಡೆಗೆ ಓಡುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ತೋಳ, ಚಿಗರಿ (ಕೃಷ್ಣಮೃಗ), ನರಿ, ಮೊಲ, ಉಡ, ನವಿಲುಗಳಿಗೆ ಅಂಥ ದಟ್ಟ ಕಾಡು ಯಾವತ್ತೂ ಇರಲಿಲ್ಲ. ಅವು ಬಾಳಿದ್ದು ಎರೆ (ಕಪ್ಪು ಮಣ್ಣಿನ) ಹೊಲದ ಬದುವಿನಲ್ಲಿ, ಮಸಾರಿ (ಕೆಂಪು ಮಣ್ಣಿನ) ಭೂಮಿಯ ಬೀಳಿನಲ್ಲಿ, ಊರ ದನ ಮೇಯುವ ಗಾಯರಾಣದ ಕುರುಚಲಿನಲ್ಲಿ, ಹಳ್ಳದ ದಂಡೆಯ ಜೊಂಡಿನಲ್ಲಿ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮವಿರಲಿ, ಗಂಗಾವತಿ ತಾಲ್ಲೂಕಿನ ಬಂಕಾಪುರದ ತೋಳಧಾಮವಿರಲಿ, ತುಂಗಭದ್ರೆಯಲ್ಲಿ ನೀರುನಾಯಿಗಳಿಗಾಗಿ 2015ರಲ್ಲಿ ಮೀಸಲಿಟ್ಟ 34 ಕಿಲೋಮೀಟರ್ ನದಿಪಾತ್ರವಿರಲಿ, ಇವೆಲ್ಲವುಗಳ ಗಡಿ ದಾಟಿದರೆ ಸಿಗುವುದು ಯಾರದೋ ಒಬ್ಬ ರೈತನ ಪಹಣಿ. ಸಂಜೆ ಗುಡ್ಡ ಇಳಿದ ಕರಡಿ ಬೆಳಗಾಗುವುದರೊಳಗೆ ಮರಳಿ ಗವಿ ಸೇರುವವರೆಗೆ ನಡೆಯುವುದು ನಮ್ಮ ನಿಮ್ಮ ಹೊಲಗಳಲ್ಲಿಯೇ. ಆದ್ದರಿಂದ ನಾವು ಯಾವಾಗ ರೆಂಟೆ ಹೊಡೆಯುತ್ತೇವೆ, ಏನನ್ನು ಸಿಂಪಡಿಸುತ್ತೇವೆ, ಎಲ್ಲಿ ಬೆಂಕಿ ಹಚ್ಚುತ್ತೇವೆ, ಎಷ್ಟು ನೀರು ನಿಲ್ಲಿಸುತ್ತೇವೆ ಎಂಬ ದಿನನಿತ್ಯದ ತೀರ್ಮಾನಗಳೇ ಈ ಸೀಮೆಯ ಜೀವಿಗಳ ನೆಲೆಯನ್ನು ನಿರ್ಧರಿಸುತ್ತವೆ.

ಈ ಬರಹ ಎರಡು ಎಕರೆಯಿಂದ ಹತ್ತು ಹನ್ನೆರಡು ಎಕರೆಯವರೆಗೆ ಹೊಲವಿರುವ ರೈತರಿಗಾಗಿ. ಇಳುವರಿ ಬಿಟ್ಟುಕೊಡಿ ಎಂದು ಇಲ್ಲಿ ಎಲ್ಲಿಯೂ ಕೇಳಿಲ್ಲ. ಸಾಲದ ಕಂತು ಕಟ್ಟುವ ಮನೆಗೆ ಹಾಗೆ ಕೇಳುವುದು ನ್ಯಾಯವೂ ಅಲ್ಲ. ಕನಕಗಿರಿ ಕಡೆ ನಮಗಿರುವ ಆರು ಎಕರೆ ಮಸಾರಿ, ಮೂರು ಎಕರೆ ಎರೆಯಲ್ಲಿ ಮಾಡಿ ನೋಡಿದ್ದನ್ನು ಮತ್ತು ಗಂಗಾವತಿ ಕಾಲುವೆಯ ಕೆಳಗಿರುವ ಸೋದರಮಾವನವರ ಗದ್ದೆಯಲ್ಲಿ ಕಂಡದ್ದನ್ನು ಕೃಷಿ ವಿಜ್ಞಾನಿಗಳು ಹೇಳುವ ಶಿಫಾರಸುಗಳ ಜೊತೆಗಿಟ್ಟು ಬರೆದಿದ್ದೇನೆ.

ಮೊದಲು ಹೊಲ ಸುತ್ತಿ ಬನ್ನಿ

ಯುಗಾದಿ ಕಳೆದು ಹೊಲ ಖಾಲಿ ಇರುವಾಗ, ಟ್ರ್ಯಾಕ್ಟರ್ ಕರೆಯುವುದಕ್ಕೆ ಮುಂಚೆ, ಎರಡು ದಿನ ನಸುಕಿನಲ್ಲಿ ಹೊಲದ ಸುತ್ತ ನಡೆಯಿರಿ. ಕೈಯಲ್ಲಿ ಒಂದು ಹಾಳೆ ಇರಲಿ. ಬದು, ಒಡ್ಡು, ಮರ, ಹುತ್ತ, ಬಾವಿ, ಕೃಷಿ ಹೊಂಡ, ಹಳ್ಳ, ವಿದ್ಯುತ್ ತಂತಿ ಎಲ್ಲವನ್ನೂ ಗುರುತಿಸಿ. ಆಮೇಲೆ ಜೀವಿಗಳ ಗುರುತು ಹುಡುಕಿ. ಗಂಡು ಚಿಗರಿ ಒಂದೇ ಜಾಗದಲ್ಲಿ ದಿನವೂ ಹಿಕ್ಕೆ ಹಾಕುವುದರಿಂದ ಕಪ್ಪು ಹಿಕ್ಕೆಗಳ ಗುಪ್ಪೆ ಕಂಡರೆ ಅದು ಅದರ ಗಡಿ ಎಂದು ತಿಳಿಯಬಹುದು. ಕರಡಿಯ ಮಲದಲ್ಲಿ ಬಾರಿ (ಬೋರೆ) ಹಣ್ಣಿನ ಬೀಜ, ಗೆದ್ದಲಿನ ಚೂರು ಇರುತ್ತವೆ. ತೋಳದ ಮಲದಲ್ಲಿ ಕೂದಲು ಮತ್ತು ಎಲುಬಿನ ಚೂರು ಇರುತ್ತವೆ. ಸಡಿಲ ಮಣ್ಣಿನಲ್ಲಿ ತಟ್ಟೆಯಗಲದ ಗುಂಡಿ ಇದ್ದರೆ ನವಿಲೋ ಗೌಜಲಕ್ಕಿಯೋ ಧೂಳಿನಲ್ಲಿ ಹೊರಳಾಡಿದ ಜಾಗ. ಬಾವಿಯ ಮೇಲೆ ಬಾಗಿದ ಜಾಲಿ ಕೊಂಬೆಯಲ್ಲಿ ಗೀಜಗನ ಹಳೆಯ ಗೂಡು ತೂಗುತ್ತಿದ್ದರೆ ಅದನ್ನೂ ಬರೆದುಕೊಳ್ಳಿ.

ಈ ಹಾಳೆ ಸಿದ್ಧವಾದ ಮೇಲೆ ಒಂದು ಸಂಗತಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಹೆಚ್ಚುಕಡಿಮೆ ಎಲ್ಲ ಗುರುತುಗಳೂ ನೀವು ಉಳದ ಜಾಗಗಳಲ್ಲಿಯೇ, ಇಲ್ಲವೇ ಅವುಗಳಿಂದ ಹತ್ತಿಪ್ಪತ್ತು ಹೆಜ್ಜೆಯೊಳಗೆ ಇರುತ್ತವೆ.

ಬದು

ನಮ್ಮ ಅಜ್ಜನ ಕಾಲದ ಬದುಗಳು ಎತ್ತಿನ ಗಾಡಿ ಹೋಗುವಷ್ಟು ಅಗಲವಿದ್ದವು. ಕರಡ, ಗರಿಕೆ ಬೆಳೆದು, ನಡುನಡುವೆ ಬನ್ನಿ, ಬೇವು, ಕರಿಜಾಲಿ, ಬಾರಿ ಗಿಡಗಳಿದ್ದು, ಬೇಸಿಗೆಯಲ್ಲಿ ದನಕ್ಕೆ ಮೇವೂ ಬುತ್ತಿ ಬಿಚ್ಚಲು ನೆರಳೂ ಅಲ್ಲಿಯೇ ಸಿಗುತ್ತಿದ್ದವು. ಜೆಸಿಬಿ ಬಂದ ಮೇಲೆ ಬದು ಕೆರೆದು ಎರಡು ಸಾಲು ಹೆಚ್ಚು ಬಿತ್ತುವ ರೂಢಿ ಬಂತು. ಎಷ್ಟು ಲಾಭವಾಯಿತು ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ನಾಲ್ಕು ಎಕರೆಯ ಚೌಕ ಹೊಲದ ಸುತ್ತಳತೆ ಸುಮಾರು 510 ಮೀಟರ್. ಒಂದು ಮೀಟರ್ ಅಗಲದ ಬದುವಿಗೆ ನಿಮ್ಮ ಪಾಲಿನಿಂದ ಅರ್ಧ, ಪಕ್ಕದವರ ಪಾಲಿನಿಂದ ಅರ್ಧ ಮೀಟರ್ ಬಿಟ್ಟರೆ ನಿಮಗೆ ಹೋಗುವುದು ಎರಡೂವರೆ ಗುಂಟೆ, ಅದೂ 160 ಗುಂಟೆಗಳಲ್ಲಿ. ಬದುವಿನ ಪಕ್ಕದ ಸಾಲು ಹೇಗಿದ್ದರೂ ಸೊರಗಿಯೇ ಇರುತ್ತದೆ ಎಂಬುದನ್ನು ನೆನೆದರೆ ನಿಜವಾದ ನಷ್ಟ ಅದಕ್ಕಿಂತ ಕಡಿಮೆ.

ಅದಕ್ಕೆ ಪ್ರತಿಯಾಗಿ ಸಿಗುವುದು ಮಣ್ಣು. ಎರೆ ಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದು, ಮಳೆಗಾಲದಲ್ಲಿ ಹಸಿಯಾಗಿ ಮುಚ್ಚಿಕೊಂಡ ಮೇಲೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಗ ಬಿದ್ದ ಬಿರುಮಳೆ ಮೇಲ್ಮಣ್ಣನ್ನು ಹೊತ್ತುಕೊಂಡೇ ಹರಿಯುತ್ತದೆ. ಹುಲ್ಲಿನ ಬದು ಆ ನೀರಿನ ವೇಗ ಮುರಿದು ಗೋಡನ್ನು ಅಲ್ಲಿಯೇ ಇಳಿಸುತ್ತದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಇಂದು ಹೂಳು ತುಂಬಿ ಸುಮಾರು 105.79 ಟಿಎಂಸಿ ಅಡಿಗೆ ಇಳಿದಿದೆ. ಆ ಹೂಳು ಮೇಲ್ಸೀಮೆಯ ಯಾರ ಯಾರದೋ ಹೊಲದ ಮೇಲ್ಮಣ್ಣೂ ಹೌದು, ನಮ್ಮ ಕಾಲುವೆಗೆ ಬರದೇ ಹೋದ ನೀರೂ ಹೌದು.

ಇನ್ನೊಂದು ಪ್ರತಿಫಲ ಕಣ್ಣಿಗೆ ಬೇಗ ಕಾಣುವುದಿಲ್ಲ. ಗುಲಗಂಜಿ ಹುಳು, ಜೇಡ, ಕಣಜಗಳು ಬೆಳೆ ಇಲ್ಲದ ನಾಲ್ಕೈದು ತಿಂಗಳು ಬದುವಿನ ಹುಲ್ಲಿನಲ್ಲಿ ಬದುಕುಳಿದು, ಬಿತ್ತನೆಯಾದ ಮೇಲೆ ಸಸ್ಯಹೇನು ಬಿದ್ದ ಗಿಡಗಳಿಗೆ ಹೋಗುತ್ತವೆ. ಇಲಿ ಹಿಡಿಯುವ ಕೇರೆ ಹಾವಿಗೂ ಬಿಲ ಬೇಕಾಗುವುದು ಬದುವಿನಲ್ಲಿಯೇ. ಬದು ಕೆರೆದ ಹೊಲಕ್ಕೆ ಇವುಗಳಲ್ಲಿ ಒಂದೂ ಹೊರಗಿನಿಂದ ಹುಡುಕಿಕೊಂಡು ಬರುವುದಿಲ್ಲ.

ಮಾಡಬೇಕಾದದ್ದು ಹೀಗೆ. ಪಕ್ಕದ ಹೊಲದವರೊಡನೆ ಕುಳಿತು ಮಾತನಾಡಿ, ಒಂದು ಮೀಟರ್ ಅಗಲ ಗುರುತಿಸಿ ನಾಲ್ಕು ಮೂಲೆಗೆ ಕಲ್ಲು ನೆಡಿ. ಬದುವಿನ ಜಗಳ ಬಗೆಹರಿಯದೆ ಬದು ಉಳಿಯುವುದಿಲ್ಲ. ಕಳೆನಾಶಕವನ್ನು ಬದುವಿನ ಮೇಲೆ ಹೊಡೆಯಲೇಬೇಡಿ. ಬೆಂಕಿ ಹಚ್ಚಬೇಡಿ. ಹುಲ್ಲು ಕೊಯ್ಯುವುದಾದರೆ ಒಂದು ವರ್ಷ ಎರಡು ಬದಿಯದನ್ನು, ಮರುವರ್ಷ ಉಳಿದೆರಡು ಬದಿಯದನ್ನು, ಹಕ್ಕಿಗಳ ಮರಿಗಳು ಹಾರಿಹೋಗಿರುವ ಪುಷ್ಯ ಮಾಸದ ಹೊತ್ತಿಗೆ ಕೊಯ್ಯಿರಿ. ನೆಲಕ್ಕೆ ಹತ್ತಿ ಕತ್ತರಿಸದೆ ಒಂದು ಗೇಣು ಬಿಡಿ. ಮರಕ್ಕಾಗಿ ನರ್ಸರಿಗೆ ಓಡುವ ಅಗತ್ಯವಿಲ್ಲ. ಬನ್ನಿ, ಬೇವು, ಬಾರಿ ಬೀಜಗಳನ್ನು ಮೊದಲ ಮಳೆಗೆ ಊರಿದರೆ ಸಾಕು. ಬಾರಿಯ ಗಟ್ಟಿ ಕೊರಟೆಯನ್ನು ಮಾತ್ರ ಮೆಲ್ಲನೆ ಒಡೆದು ಒಳಬೀಜ ಊರಬೇಕು. ಬನ್ನಿಯ ಬೇರು ಆಳಕ್ಕೆ ಇಳಿಯುವುದರಿಂದ, ಎಲೆ ಸಣ್ಣದಾಗಿರುವುದರಿಂದ ಅದರ ಕೆಳಗೆ ಜೋಳವಾಗಲಿ ಸಜ್ಜೆಯಾಗಲಿ ಸೊರಗುವುದಿಲ್ಲ.

ಬಳ್ಳಾರಿ ಜಾಲಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಮ್ಮ ಸೀಮೆಯ ಹೆಸರು ಹೊತ್ತಿದ್ದರೂ ಅದು ಅಮೆರಿಕ ಖಂಡದಿಂದ ಬಂದ ಗಿಡ. ಬಿಟ್ಟರೆ ಬದು, ಕೆರೆಯಂಗಳ, ಗಾಯರಾಣ ಎಲ್ಲವನ್ನೂ ನುಂಗಿ, ಚಿಗರಿಗೆ ಬೇಕಾದ ಬಯಲು ಹುಲ್ಲನ್ನು ಬೆಳೆಯಗೊಡುವುದಿಲ್ಲ. ಆದರೂ ಒಂದೇ ಸಲ ಪೂರ್ತಿ ಕಿತ್ತುಹಾಕಬಾರದು, ಏಕೆಂದರೆ ಬೇರೆ ಪೊದೆಗಳೆಲ್ಲ ಹೋಗಿರುವ ಕಡೆ ಮೊಲ, ಗೌಜಲಕ್ಕಿಗಳಿಗೆ ಉಳಿದ ಮರೆ ಅದೊಂದೇ. ಕಾಯಿ ಹಣ್ಣಾಗುವ ಮೊದಲೇ ಕಡಿದು, ಬುಡದ ಗಡ್ಡೆ ಸಮೇತ ತೆಗೆದು, ಆ ಗುಂಡಿಯಲ್ಲಿ ಬಾರಿಯನ್ನೋ ಬನ್ನಿಯನ್ನೋ ಊರಿ, ವರ್ಷಕ್ಕೆ ಮೂರನೇ ಒಂದು ಭಾಗದಂತೆ ಬದಲಿಸುತ್ತ ಹೋಗಿ. ಕಾಯಿ ತಿಂದ ಕುರಿ, ದನಗಳ ಸಗಣಿಯಲ್ಲಿಯೇ ಅದರ ಬೀಜ ಹರಡುವುದರಿಂದ ಆ ಸಮಯದಲ್ಲಿ ಹಟ್ಟಿಯ ಹಸಿಗೊಬ್ಬರವನ್ನು ನೇರವಾಗಿ ಹೊಲಕ್ಕೆ ಚೆಲ್ಲಬೇಡಿ.

ಹುತ್ತಗಳನ್ನು ಕೆಡವದೆ ಬಿಡಿ. ಗುಡ್ಡದ ಬುಡದ ಹೊಲಗಳಲ್ಲಿ ಕರಡಿಯ ಮುಖ್ಯ ಆಹಾರ ಗೆದ್ದಲು. ಬದುವಿನಲ್ಲಿ ಅದು ಸಿಕ್ಕಿದಷ್ಟೂ ಶೇಂಗಾ ಸಾಲಿನ ಕಡೆ ಬರುವುದು ಕಡಿಮೆಯಾಗುತ್ತದೆ ಎಂಬುದು ನಮ್ಮೂರಿನ ಹಿರಿಯರ ಅನುಭವ, ನನ್ನದೂ ಅದೇ.

ಉಳುಮೆ ಮತ್ತು ಕೊಯ್ಲಿನ ಹೊತ್ತು

ನಮ್ಮ ಬಯಲಿನ ಹಕ್ಕಿಗಳಲ್ಲಿ ಬಹಳಷ್ಟು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಟಿಟ್ಟಿಭ ಬೇಸಿಗೆಯಿಂದ ಮುಂಗಾರಿನವರೆಗೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನು ಹೆಂಟೆಗಳ ನಡುವೆ ಬರಿನೆಲದಲ್ಲಿ ಇಡುತ್ತದೆ. ಮಣ್ಣಿನದೇ ಬಣ್ಣ, ಅದರ ಮೇಲೆ ಕಪ್ಪು ಮಚ್ಚೆ. ಎರಡು ಹೆಜ್ಜೆ ದೂರದಲ್ಲಿ ನಿಂತು ನೋಡಿದರೂ ಕಾಣುವುದಿಲ್ಲ. ಹಕ್ಕಿ ತಲೆಯ ಮೇಲೆ ಸುತ್ತುತ್ತ ಕಿರುಚತೊಡಗಿದರೆ ಟ್ರ್ಯಾಕ್ಟರ್ ನಿಲ್ಲಿಸಿ, ಇಳಿದು ಹುಡುಕಿ, ಮೊಟ್ಟೆಯಿಂದ ಎರಡು ಮಾರು ಆಚೆ ಎರಡೂ ಕಡೆ ಒಂದೊಂದು ಕಟ್ಟಿಗೆ ನೆಟ್ಟು ಅಷ್ಟು ಜಾಗವನ್ನು ಸುತ್ತಿಕೊಂಡು ಹೋಗಿ. ನಾಲ್ಕು ವಾರ ಕಳೆದರೆ ಮರಿಗಳು ಹೊರಬಂದು ನಡೆದುಹೋಗಿರುತ್ತವೆ. ಕಳೆದ ವರ್ಷ ಹೀಗೆ ಬಿಟ್ಟ ಒಂದು ತುಂಡಿನಲ್ಲಿ ತಡವಾಗಿ ಬಿತ್ತಿದ ಸಜ್ಜೆ ಉಳಿದದ್ದರ ಜೊತೆಗೇ ತೆನೆಗೆ ಬಂತು.

ಸಿರುಗುಪ್ಪ ಭಾಗದ ಎರೆ ಬಯಲಿನ ರೈತರ ಮೇಲೆ ಇದಕ್ಕಿಂತ ದೊಡ್ಡ ಹೊಣೆ ಇದೆ. ಹಳಬರು ಎರೆಭೂತ ಎಂದು ಕರೆಯುವ, ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಹೆಸರಾದ ಹಕ್ಕಿ ಕರ್ನಾಟಕದಲ್ಲಿ ಕೊನೆಯದಾಗಿ ಉಳಿದುಕೊಂಡ ನೆಲೆ ಅದು. ಈ ಹಕ್ಕಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿನೆಲದ ಮೇಲೆ. ತಲೆಯೆತ್ತಿ ನೇರ ಮುಂದಕ್ಕೆ ನೋಡುವ ಶಕ್ತಿ ಕಡಿಮೆ ಇರುವುದರಿಂದ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಹಿಂಗಾರಿ ಜೋಳ, ಕಡಲೆ, ಕುಸುಬೆಯ ನಡುವೆ ಉಳುಮೆಯಿಲ್ಲದ ಹುಲ್ಲಿನ ಪಟ್ಟಿಗಳಿರುವ ಹಳೆಯ ಬೇಸಾಯ ಅದಕ್ಕೆ ಒಗ್ಗಿತ್ತು. ಎಲ್ಲವೂ ನೀರಾವರಿಯಾಗಿ ವರ್ಷಪೂರ್ತಿ ಗದ್ದೆಯಾದರೆ ಅದಕ್ಕೆ ಕಾಲೂರಲು ಜಾಗವಿಲ್ಲ. ಆ ಕಡೆ ಬೀಳು ಇರುವವರು ಕನಿಷ್ಠ ಒಂದು ತುಂಡನ್ನಾದರೂ ಹುಲ್ಲಿಗೆ ಬಿಡಿ. ದನದ ಮೇವಾಗಿ ಅದು ದುಡ್ಡನ್ನೂ ತರುತ್ತದೆ.

ಯಂತ್ರದ ಕೊಯ್ಲಿನಲ್ಲಿ ಒಂದು ಸಣ್ಣ ಬದಲಾವಣೆ ಸಾಕು. ಯಂತ್ರ ಹೊರಸುತ್ತಿನಿಂದ ಸುತ್ತುತ್ತ ನಡುವಿಗೆ ಬಂದರೆ ಮೊಲ, ಲಾವಕ್ಕಿ, ನವಿಲಿನ ಮರಿಗಳೆಲ್ಲ ನಡುವಿನ ಕೊನೆಯ ತುಂಡಿಗೆ ಒತ್ತರಿಸಿಕೊಂಡು ಅಲ್ಲಿಯೇ ಸಿಕ್ಕಿ ಸಾಯುತ್ತವೆ. ನಡುವಿನಲ್ಲಿ ಆರಂಭಿಸಿ ಬದುವಿನ ಕಡೆಗೆ ಕೊಯ್ಯುತ್ತ ಬಂದರೆ ಅವು ಮುಂದೆ ಮುಂದೆ ಓಡಿ ಬದು ಸೇರುತ್ತವೆ. ಚಾಲಕನಿಗೆ ಮೊದಲೇ ಹೇಳಿ. ಡೀಸೆಲ್ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸವಾಗುವುದಿಲ್ಲ.

ಔಷಧ ಹೊಡೆಯುವ ಮುನ್ನ

ಹೆಸರು ಔಷಧವಾದರೂ ಅದು ವಿಷ. ಮೆಣಸಿನಕಾಯಿ, ಹತ್ತಿಗೆ ನಮ್ಮ ಭಾಗದಲ್ಲಿ ವಾರಕ್ಕೊಮ್ಮೆ ಪಂಪ್ ಹೊರುವವರಿದ್ದಾರೆ. ಪಕ್ಕದವರು ಹೊಡೆದರು ಎಂದು ಹೊಡೆಯುವುದು ಬಿಟ್ಟು, ಹುಳು ಎಣಿಸಿ ಹೊಡೆಯುವುದು ಮೊದಲ ನಿಯಮ. ಕಡಲೆಯಲ್ಲಿ ಒಂದು ಮೀಟರ್ ಉದ್ದದ ಸಾಲಿಗೆ ಒಂದು ಕಾಯಿಕೊರಕದ ಹುಳು ಸಿಗುವವರೆಗೆ ರಾಸಾಯನಿಕ ಬೇಕಾಗುವುದಿಲ್ಲ. ಹತ್ತು ಕಡೆ ಎಣಿಸಿ ಸರಾಸರಿ ನೋಡಿ. ಅದಕ್ಕೂ ಮೊದಲೇ ಎಕರೆಗೆ ಎರಡು ಮೋಹಕ ಬಲೆ (ಗಂಡು ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಬಲೆ) ಹಾಕಿ, ಬೆಳೆಗಿಂತ ಒಂದು ಮೊಳ ಎತ್ತರವಿರುವ ಕವೆಗಟ್ಟಿಗೆಗಳನ್ನು ಎಕರೆಗೆ ಇಪ್ಪತ್ತರಂತೆ ನೆಡಿ. ಬಿತ್ತುವಾಗಲೇ ಕಡಲೆಯ ನಡುವೆ ಅಲ್ಲೊಂದು ಇಲ್ಲೊಂದು ಜೋಳದ ಕಾಳು ಬಿದ್ದರೆ ಕಟ್ಟಿಗೆಯ ಖರ್ಚೂ ಇಲ್ಲ. ಕಾಜಾಣ, ನೀಲಕಂಠ, ಗೊರವಂಕಗಳು ಅವುಗಳ ಮೇಲೆ ಕೂತು ದಿನವಿಡೀ ಹುಳು ಹೆಕ್ಕುತ್ತವೆ. ಎಳ್ಳಮಾವಾಸ್ಯೆಗೆ ನಾವು ಹೊಲದ ತುಂಬ ಚರಗ (ಹಬ್ಬದ ಅಡುಗೆಯ ನೈವೇದ್ಯ) ಚೆಲ್ಲುವುದು ಕಡಲೆ, ತೊಗರಿ ಕಾಯಿ ಕಟ್ಟುವ, ಹುಳು ಬೀಳುವ ಹೊತ್ತಿನಲ್ಲಿಯೇ ಎಂಬುದನ್ನು ಗಮನಿಸಿ. ಸಜ್ಜೆ ಕಡುಬಿನ ಚೂರಿಗೆ ಬಂದ ಹಕ್ಕಿ ಹುಳವನ್ನು ಬಿಟ್ಟು ಹೋಗುವುದಿಲ್ಲ.

ತೊಗರಿಯಲ್ಲಿ ಗಿಡ ಅಲುಗಾಡಿಸಿ ಹುಳು ಉದುರಿಸುವ ಪದ್ಧತಿ ಕಲ್ಯಾಣ ಕರ್ನಾಟಕದ್ದೇ. ಸಾಲಿನ ನಡುವೆ ತಾಡಪತ್ರಿ ಎಳೆಯುತ್ತ ಇಬ್ಬರು ಗಿಡ ಅಲುಗಾಡಿಸಿದರೆ ದೊಡ್ಡ ಹುಳುಗಳು ಉದುರುತ್ತವೆ, ಆ ಹಂತದ ಹುಳುಗಳಿಗೆ ಔಷಧ ಹೇಗಿದ್ದರೂ ಸರಿಯಾಗಿ ತಾಗುವುದಿಲ್ಲ. ಉಳಿದ ಸಣ್ಣ ಹುಳುಗಳಿಗೆ ಎನ್‌ಪಿವಿ ನಂಜಾಣು ದ್ರಾವಣವನ್ನು ಎಕರೆಗೆ 100 ಎಲ್‌ಇಯಂತೆ (ಎಲ್‌ಇ ಎಂದರೆ ಈ ನಂಜಾಣುವನ್ನು ಅಳೆಯುವ ಮಾನ), ಸ್ವಲ್ಪ ಬೆಲ್ಲ ಕರಗಿಸಿ, ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಅದು ಕಾಯಿಕೊರಕವನ್ನು ಬಿಟ್ಟು ಹಕ್ಕಿ, ಜೇನು, ದನ ಯಾವುದಕ್ಕೂ ತೊಂದರೆ ಮಾಡುವುದಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಇದರ ಬಗ್ಗೆ ವಿಚಾರಿಸಿ.

ಸೂರ್ಯಕಾಂತಿ ಬೆಳೆಯುವವರು ಹೂವಿನ ಕಾಲದಲ್ಲಿ ಹಗಲು ಪಂಪ್ ಮುಟ್ಟಲೇಬಾರದು. ಜೇನು ಬಾರದ ಹೂವಿನಲ್ಲಿ ನಡುವಿನ ಕಾಳು ಜೊಳ್ಳಾಗುತ್ತದೆ. ಅಂಥ ತೆನೆಯನ್ನು ಕೈಯಲ್ಲಿ ಹಿಡಿದರೆ ನಡುವೆ ಬೆರಳು ಒತ್ತಿದಲ್ಲೆಲ್ಲ ಮೆತ್ತಗೆ ಕುಸಿಯುತ್ತದೆ. ಅನಿವಾರ್ಯವಾದರೆ ಜೇನು ಗೂಡಿಗೆ ಮರಳಿದ ಸಂಜೆಯ ಮೇಲೆ ಹೊಡೆಯಿರಿ. ಎಕರೆಗೆ ಎರಡು ಜೇನುಪೆಟ್ಟಿಗೆ ಇಟ್ಟವರಿಗೆ ಕಾಳಿನ ತೂಕದಲ್ಲಿಯೇ ಉತ್ತರ ಸಿಗುತ್ತದೆ.

ಹಕ್ಕಿಗಳನ್ನು ನೇರವಾಗಿ ಕೊಲ್ಲುವ ಮೂರು ತಪ್ಪುಗಳು ಎಲ್ಲ ಕಡೆ ನಡೆಯುತ್ತವೆ. ವಿಷ ಲೇಪಿಸಿದ ಬಿತ್ತನೆ ಬೀಜ ಹೊಲದ ತಲೆಯಲ್ಲಿ, ಕೂರಿಗೆ ತಿರುಗಿಸುವ ಕಡೆ ಚೆಲ್ಲಿರುತ್ತದೆ. ಅದನ್ನು ಗುಡಿಸಿ ಮಣ್ಣಿನಲ್ಲಿ ಮುಚ್ಚದೆ ಹೋದರೆ ನವಿಲು, ಬೆಳವಗಳು ಹೆಕ್ಕುತ್ತವೆ. ಕಾರ್ಬೋಫ್ಯುರಾನ್ ಹರಳನ್ನು ಹಕ್ಕಿ ಕಾಳೆಂದು ನುಂಗುತ್ತದೆ. ಇಲಿ ಪಾಷಾಣ ತಿಂದು ತೂರಾಡುವ ಇಲಿಯನ್ನು ಗೂಬೆ ಹಿಡಿದರೆ ಗೂಬೆಯೂ ಸಾಯಬಹುದು, ಆಮೇಲೆ ಆ ಹೊಲದ ಇಲಿಗೆ ಹೇಳುವವರು ಕೇಳುವವರು ಇಲ್ಲ. ಗೂಬೆಯನ್ನು ಅಪಶಕುನವೆಂದು ಓಡಿಸುವ ಮನೆಗಳಲ್ಲಿ ನಾನು ಇದೊಂದೇ ಮಾತು ಹೇಳುತ್ತೇನೆ: ರಾತ್ರಿಯಿಡೀ ಸಂಬಳವಿಲ್ಲದೆ ಹೊಲ ಕಾಯುವ ಹಕ್ಕಿ ಅದು, ಹಾಳು ಗುಡಿಯಲ್ಲಾಗಲಿ ಮರದ ಪೊಟರೆಯಲ್ಲಾಗಲಿ ಅದನ್ನು ಇರಗೊಡಿ.

ಪಂಪನ್ನು ಹಳ್ಳದಲ್ಲಿ, ಕಾಲುವೆಯಲ್ಲಿ ತೊಳೆಯಬೇಡಿ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು ಹೊಲಕ್ಕೇ ಹೊಡೆದು, ಡಬ್ಬಿಗೆ ತೂತು ಮಾಡಿ.

ಕಾಲುವೆಯ ಕೆಳಗೆ

1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟಿನ ಯೋಜನೆ ಮಾಡಿದವರು ಹೆಚ್ಚಿನ ಭೂಮಿಗೆ ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆಗಳನ್ನೇ ನಿಗದಿ ಮಾಡಿದ್ದರು. ಮೇಲ್ಭಾಗದಲ್ಲಿ ಭತ್ತ ಹಬ್ಬಿದಂತೆ ಒಂದು ಕಡೆ ಮಾನ್ವಿ, ರಾಯಚೂರು ಭಾಗದ ಕೊನೆಯ ರೈತರಿಗೆ ನೀರು ಸಾಲದಾಯಿತು, ಇನ್ನೊಂದು ಕಡೆ ಎರೆ ಭೂಮಿಯಲ್ಲಿ ನೀರು ನಿಂತು ಸವಳು-ಜವಳು ಏರಿತು. ಬೇಸಿಗೆಯಲ್ಲಿ ಗದ್ದೆಯ ಮೇಲೆ ಬೂದಿ ಚೆಲ್ಲಿದಂತೆ ಉಪ್ಪು ಕಾಣುವ ತುಂಡುಗಳಲ್ಲಿ ಬೆಳೆಯೂ ಬಾರದು, ಹುಲ್ಲೂ ಬಾರದು. ಬಸಿಗಾಲುವೆಗಳನ್ನು ಹೂಳು ತೆಗೆದು ಹರಿಯುವಂತೆ ಇಟ್ಟುಕೊಳ್ಳುವುದು, ಹಸಿರೆಲೆ ಗೊಬ್ಬರದ ಬೆಳೆಯಾದ ಡಯಂಚಾ ಬಿತ್ತಿ ಆರೇಳು ವಾರಕ್ಕೆ ಮಣ್ಣಿಗೆ ಸೇರಿಸುವುದು ಇದಕ್ಕೆ ಮೊದಲ ಮದ್ದು. ಹೆಚ್ಚಾಗಿ ಕೆಟ್ಟಿದ್ದರೆ ಸವಳು ಭೂಮಿಯ ಬಗ್ಗೆಯೇ ಬಹುಕಾಲದಿಂದ ಕೆಲಸ ಮಾಡುತ್ತಿರುವ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಮಣ್ಣು ಒಯ್ದು ತೋರಿಸಿ.

ಭತ್ತವನ್ನೇ ಬೆಳೆಯುವುದಾದರೆ ನೀರು ನಿಲ್ಲಿಸುವ ಕ್ರಮ ಬದಲಿಸಬಹುದು. ಒಂದು ಅಡಿ ಉದ್ದದ ಪ್ಲಾಸ್ಟಿಕ್ ಕೊಳವೆಯ ಕೆಳಗಿನ ಅರ್ಧಕ್ಕೆ ತೂತು ಕೊರೆದು, ಆ ಅರ್ಧ ಮಣ್ಣಿನೊಳಗೆ ಹೋಗುವಂತೆ ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣು ತೆಗೆದುಬಿಡಿ. ನಾಟಿಯಾಗಿ ಎರಡು ವಾರ ಕಳೆದ ಮೇಲೆ, ಕೊಳವೆಯೊಳಗಿನ ನೀರು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮಾತ್ರ ಮತ್ತೆ ನೀರು ಬಿಡಿ. ಹೂ ಬಿಡುವುದಕ್ಕೆ ಒಂದು ವಾರ ಮೊದಲಿನಿಂದ ಒಂದು ವಾರ ಅನಂತರದವರೆಗೆ ಮಾತ್ರ ನೀರು ನಿಂತಿರಲಿ. ಇದರಿಂದ ನೀರೂ ಉಳಿಯುತ್ತದೆ, ಕೊಳೆತ ಗದ್ದೆಯಿಂದ ಏಳುವ ಮಿಥೇನ್ ಅನಿಲವೂ ಬಹಳ ತಗ್ಗುತ್ತದೆ. ಕೂರಿಗೆಯಿಂದ ನೇರ ಬಿತ್ತನೆ ಮಾಡುವವರಿಗೆ ನಾಟಿಯ ಖರ್ಚೂ ಇಲ್ಲ. ಮಾವನವರು ಈಗ ಅದನ್ನೇ ಮಾಡುತ್ತಾರೆ. ಒಂದು ಎಚ್ಚರ ಬೇಕು, ನೇರ ಬಿತ್ತನೆಯಲ್ಲಿ ಕಳೆ ಹೆಚ್ಚು, ಆ ನೆಪದಲ್ಲಿ ಕಳೆನಾಶಕ ಎರಡರಷ್ಟಾದರೆ ಕೈಗೆ ಬಂದ ಲಾಭಕ್ಕೆ ಕಪ್ಪೆ, ಮೀನಿನ ಮರಿಗಳು ಜೀವ ತೆರಬೇಕಾಗುತ್ತದೆ.

ಯೂರಿಯಾವನ್ನು ಒಂದೇ ಕಂತಿನಲ್ಲಿ ಸುರಿಯಬೇಡಿ, ಹಾಕಿದ ಎರಡು ಮೂರು ದಿನ ಗದ್ದೆಯ ನೀರು ಹೊರಹೋಗದಂತೆ ಮಡೆ ಕಟ್ಟಿ. ಹರಿದುಹೋದ ಗೊಬ್ಬರ ನದಿಯಲ್ಲಿ ಪಾಚಿಯಾಗುತ್ತದೆ. ಜಲಾಶಯದ ನೀರು ಹಸಿರು ಬಣ್ಣಕ್ಕೆ ತಿರುಗಿದ್ದನ್ನು ಇತ್ತೀಚಿನ ವರ್ಷಗಳಲ್ಲಿ ಹೊಳೆ ದಂಡೆಯವರೆಲ್ಲ ಕಂಡಿದ್ದೇವೆ. ನದಿಗೆ ಹತ್ತಿದ ಹೊಲದವರು ನೀರಿನಂಚಿನವರೆಗೆ ಉಳದೆ ಹತ್ತು ಮಾರು ಜೊಂಡು, ಆಪು, ಮತ್ತಿ, ನೇರಳೆ ಬಿಟ್ಟರೆ ದಂಡೆ ಕುಸಿಯುವುದಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಹರಿವಿನಲ್ಲಿ ನೀರುನಾಯಿ ಮರಿ ಹಾಕುವುದು ಇಂಥ ದಂಡೆಯ ಬಿಲಗಳಲ್ಲಿಯೇ.

ಒಣಬೇಸಾಯದವರಿಗೆ ಕೃಷಿ ಹೊಂಡದ ಮಾತು. 2014ರಲ್ಲಿ ಕೃಷಿಭಾಗ್ಯ ಬಂದ ಮೇಲೆ ಊರೂರಿನಲ್ಲಿ ಪ್ಲಾಸ್ಟಿಕ್ ಹಾಸಿನ ಹೊಂಡಗಳಾದವು. ನಮ್ಮ ಹೊಂಡದಲ್ಲಿ ಒಂದು ಬೆಳಗ್ಗೆ ಮೊಲ ಸತ್ತು ತೇಲುತ್ತಿತ್ತು. ಕಪ್ಪು ಹಾಳೆಯ ಮೇಲೆ ಉಗುರಿನ ಗೀರುಗಳು ನೀರಿನಿಂದ ಒಂದು ಮೊಳ ಮೇಲೆ ಹೋಗಿ ಅಲ್ಲಿಗೇ ನಿಂತಿದ್ದವು, ಒಂದೇ ಕಡೆಯಲ್ಲ, ನಾಲ್ಕೂ ಬದಿಯಲ್ಲಿ. ನೀರು ಕುಡಿಯಲು ಇಳಿದದ್ದು ಹತ್ತಲಾರದೆ ರಾತ್ರಿಯಿಡೀ ಸುತ್ತಿದೆ. ಆ ದಿನವೇ ಹಳೆಯ ಟೈರುಗಳನ್ನು ಹಗ್ಗಕ್ಕೆ ಸಾಲಾಗಿ ಕಟ್ಟಿ, ಮೇಲಿನ ಗೂಟದಿಂದ ತಳದವರೆಗೆ ಎರಡು ಎದುರುಬದುರು ಮೂಲೆಗಳಲ್ಲಿ ಇಳಿಬಿಟ್ಟೆ. ಹಗ್ಗದ ಬಲೆಯಾದರೂ ಆದೀತು, ಮರಳು ತುಂಬಿದ ಗೋಣಿಚೀಲಗಳ ಮೆಟ್ಟಿಲಾದರೂ ಆದೀತು; ನೀರು ಎಷ್ಟೇ ಇಳಿದರೂ ಅದರ ತುದಿ ನೀರಿನೊಳಗೆ ಇರಬೇಕು, ಅಷ್ಟೇ. ಹೊಂಡದ ಸುತ್ತ ಬೇಲಿ ಮಾಡಿದರೆ ಮಕ್ಕಳಿಗೂ ಕ್ಷೇಮ. ಹೊರಗೆ ಒಂದು ಕಲ್ಲುಬಾನಿಯಲ್ಲಿ ನೀರಿಟ್ಟರೆ ಪ್ರಾಣಿ ಒಳಗಿಳಿಯುವ ಅಗತ್ಯವೇ ಬೀಳುವುದಿಲ್ಲ. ಕಟ್ಟೆಯಿಲ್ಲದ ಹಾಳು ಬಾವಿಗಳಿಗೂ ಸುತ್ತ ಮುಳ್ಳುಬೇಲಿಯಾದರೂ ಬೇಕು.

ಬೆಂಕಿ

ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಸುಮಾರು 5.5 ಕಿಲೊ ಸಾರಜನಕ, 2.3 ಕಿಲೊ ರಂಜಕ, 25 ಕಿಲೊ ಪೊಟ್ಯಾಷ್ ನಷ್ಟವಾಗುತ್ತದೆ ಎಂಬುದು ಕೃಷಿ ಇಲಾಖೆಗಳು ಬಳಸುವ ಅಂದಾಜು. ಅದನ್ನೇ ಮರುತಿಂಗಳು ನಾವು ಅಂಗಡಿಯಲ್ಲಿ ಸಾಲ ಬರೆಸಿ ತರುತ್ತೇವೆ. ಹುಲ್ಲನ್ನು ಬೇಲರ್‌ನಿಂದ ಸುತ್ತಿಸಿ ಒಣಸೀಮೆಯ ದನಗಾರರಿಗೆ ಕೊಡಿ, ಇಲ್ಲವೇ ರೋಟವೇಟರ್‌ನಿಂದ ಮಣ್ಣಿಗೆ ಸೇರಿಸಿ. ಹತ್ತಿಕಟ್ಟಿಗೆಯನ್ನು ಪುಡಿ ಮಾಡಿಸಿ ಗೊಬ್ಬರ ಗುಂಡಿಗೆ ಹಾಕಿ.

ಬೆಳೆ ತಿನ್ನಲು ಬಂದಾಗ

ಯಲಬುರ್ಗಾ, ಕುಕನೂರು ಕಡೆ ಹೆಸರು, ಶೇಂಗಾ ಮೊಳಕೆಯೊಡೆದ ದಿನಗಳಲ್ಲಿ ಚಿಗರಿ ಹಿಂಡು ಒಂದೇ ರಾತ್ರಿಯಲ್ಲಿ ಎಕರೆಗಟ್ಟಲೆ ಮೇಯುವುದನ್ನು ಬಲ್ಲವರಿಗೆ ವನ್ಯಜೀವಿಗಳ ಮೇಲಿನ ಪ್ರೀತಿಯ ಮಾತು ಹೇಳುವುದು ಸುಲಭವಲ್ಲ. ಆ ಸಿಟ್ಟು ನನಗೂ ಗೊತ್ತು. ಆದರೂ ಬೇಲಿಗೆ ನೇರ ಕರೆಂಟ್ ಕೊಡುವುದು, ಹಂದಿಗೆಂದು ಸಿಡಿಮದ್ದು ಇಡುವುದು ಅಪರಾಧ. ನಸುಕಿನಲ್ಲಿ ನೀರು ಕಟ್ಟಲು ಹೋದ ನಮ್ಮವರೇ ಆ ತಂತಿಗೆ ಬಲಿಯಾಗಬಹುದು. ಹಳೆಯ ಉಪಾಯವಾದ ಕುಸುಬೆಯ ಬೇಲಿ ಇಂದಿಗೂ ಕೆಲಸ ಮಾಡುತ್ತದೆ: ಹಿಂಗಾರಿ ಬೆಳೆಯ ಸುತ್ತ ಐದಾರು ಸಾಲು ಮುಳ್ಳುಕುಸುಬೆ ಬಿತ್ತಿದರೆ ದನವೂ ಚಿಗರಿಯೂ ಸಲೀಸಾಗಿ ನುಗ್ಗುವುದಿಲ್ಲ, ಎಣ್ಣೆಕಾಳೂ ಸಿಗುತ್ತದೆ. ಮುಂಗಾರಿನಲ್ಲಿ ಮೊಳಕೆಯ ಮೊದಲ ಮೂರು ವಾರ ನಾಲ್ಕೈದು ಮನೆಯವರು ಪಾಳಿಯಲ್ಲಿ ಕಾಯುವುದೇ ದಾರಿ.

ಕರಡಿ ಇರುವ ಗುಡ್ಡದ ಬುಡದಲ್ಲಿ ನಸುಕಿಗೂ ಮುಸ್ಸಂಜೆಗೂ ಒಬ್ಬರೇ ಹೋಗಬೇಡಿ. ಬ್ಯಾಟರಿ ಹಿಡಿದು, ಮಾತನಾಡುತ್ತ ನಡೆಯಿರಿ. ಕರಡಿ ದಾಳಿ ಮಾಡುವುದು ಬಹುತೇಕ ಎದುರಿಗೆ ಹಠಾತ್ತನೆ ಮನುಷ್ಯ ಕಂಡಾಗ. ಕುರಿ ಹಿಡಿದ ತೋಳದ ಮೇಲೆ ಸೇಡಿಗಾಗಿ ಸತ್ತ ಕುರಿಗೆ ವಿಷ ಹಾಕಿದರೆ ಊರ ನಾಯಿ, ಹದ್ದು, ನರಿ ಎಲ್ಲವೂ ಸಾಯುತ್ತವೆ. ಬೆಳೆ ಅಥವಾ ಕುರಿ ನಷ್ಟವಾದಾಗ ಅದೇ ದಿನ ಫೋಟೊ ತೆಗೆದು, ಪಹಣಿ, ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿಗಳೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಿ. ಸ್ಥಳ ಪರಿಶೀಲನೆ ಆಗುವವರೆಗೆ ಗುರುತು ಅಳಿಸಬೇಡಿ. ಸ್ವೀಕೃತಿ ಸಂಖ್ಯೆ ಬರೆದುಕೊಳ್ಳಿ. ಅದಿಲ್ಲದೆ ಮುಂದೆ ಏನನ್ನೂ ಕೇಳಲಾಗುವುದಿಲ್ಲ.

ದನಕ್ಕೆ ನೋವಿನ ಚುಚ್ಚುಮದ್ದು ಕೊಡಿಸುವಾಗ ಮೆಲಾಕ್ಸಿಕಾಮ್ ಕೇಳಿ. ರಣಹದ್ದುಗಳನ್ನು ದೇಶದಾದ್ಯಂತ ಬಹುಪಾಲು ಮುಗಿಸಿದ ಡೈಕ್ಲೋಫೆನಾಕ್ ದನಗಳ ಬಳಕೆಗೆ 2006ರಿಂದಲೇ ನಿಷೇಧವಾಗಿದೆ.

ಜೋಳದ ಸಾಲಿನಲ್ಲೋ ಬದುವಿನ ಹುಲ್ಲಿನಲ್ಲೋ ಒಂಟಿ ಚಿಗರಿ ಮರಿ ಅಲ್ಲಾಡದೆ ಮಲಗಿದ್ದು ಕಂಡರೆ ತಾಯಿ ಬಿಟ್ಟುಹೋಗಿದೆ ಎಂದು ಎತ್ತಿಕೊಂಡು ಮನೆಗೆ ತರಬೇಡಿ. ತಾಯಿಯೇ ಅದನ್ನು ಅಲ್ಲಿ ಅಡಗಿಸಿಟ್ಟು ದೂರದಲ್ಲಿ ಮೇಯುತ್ತಿರುತ್ತದೆ, ಹಾಲೂಡಿಸಲು ಮರಳಿ ಬರುತ್ತದೆ. ಮುಟ್ಟದೆ, ನಾಯಿಯನ್ನು ಕಟ್ಟಿಹಾಕಿ, ಆ ನಾಲ್ಕು ಸಾಲುಗಳ ಎಡೆ ಹೊಡೆಯುವುದನ್ನು ಎರಡು ದಿನ ಮುಂದಕ್ಕೆ ಹಾಕಿ. ಮಾರನೆಯ ದಿನವೂ ಅದೇ ಜಾಗದಲ್ಲಿ ಸೊರಗಿ ಕೂಗುತ್ತಿದ್ದರೆ ಮಾತ್ರ ಅರಣ್ಯ ಇಲಾಖೆಯವರಿಗೆ ತಿಳಿಸಿ, ಅವರು ಬರುವವರೆಗೆ ಬಿಸಿಲು ತಾಗದಂತೆ ಎರಡು ಜೋಳದ ಕಟ್ಟುಗಳನ್ನು ಒರಗಿಸಿ ನೆರಳು ಮಾಡಿ ದೂರ ನಿಲ್ಲಿ.